ಲೋಟೆ ಲೇಮನ್ ಹಾಡದ ಎರಡು ಪದ

1933ರಲ್ಲಿ ವಿಯೆನ್ನಾದಲ್ಲಿ ಮಾಡಿದ ಒಂದು ರೆಕಾರ್ಡಿಂಗ್ ಇದೆ. ಜರ್ಮನ್ ಸಂಯೋಜಕ ರಿಚರ್ಡ್ ಸ್ಟ್ರೌಸ್ ಅವರ ‘ಡೆರ್ ರೋಸೆನ್‌ಕವಲಿಯರ್’ ಒಪೆರಾದ, ಅಂದರೆ ಹಾಡಿನಲ್ಲೇ ನಡೆಯುವ ನಾಟಕದ, ಆಯ್ದ ಭಾಗಗಳು. ಆಗಿನ ತಟ್ಟೆಯ ಒಂದು ಮಗ್ಗುಲಿನಲ್ಲಿ ನಾಲ್ಕೂವರೆ ನಿಮಿಷ ಹಿಡಿದರೆ ಹೆಚ್ಚು. ಹಾಗಾಗಿ ಪೂರ್ತಿ ಒಪೆರಾ ಹಾಕಲಿಲ್ಲ, ಬೇಕಾದ್ದನ್ನು ಆರಿಸಿಕೊಂಡರು. ನಾನು ಅದನ್ನು ಕೇಳುವುದು ಫೋನಿನಲ್ಲಿ, ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ.

ಅದರ ಕೊನೆಯ ಹತ್ತಿರ ಒಂದು ಜಾಗ ಬರುತ್ತದೆ. ಹುಡುಗ ಹುಡುಗಿ ಪ್ರೀತಿಯಲ್ಲಿ ಮುಳುಗಿ ನಿಂತಿದ್ದಾರೆ. ಹುಡುಗಿಯ ಅಪ್ಪ, ಚಿಕ್ಕ ವಯಸ್ಸಿನವರು ಹೀಗೇ ನೋಡಿ, ಎನ್ನುತ್ತಾನೆ. ಪಕ್ಕದಲ್ಲಿರುವ ಹೆಂಗಸು ‘ಯಾ, ಯಾ’ ಎನ್ನುತ್ತಾಳೆ. ಹೌದು, ಹೌದು ಅಂತ ಅರ್ಥ. ಅಷ್ಟೇ. ಆದರೆ ಆ ಹುಡುಗ ನಿನ್ನೆಯವರೆಗೂ ಅವಳ ಪ್ರಿಯಕರನಾಗಿದ್ದವನು. ಅವಳೇ ಅವನನ್ನು ಬಿಟ್ಟುಕೊಟ್ಟಿದ್ದಾಳೆ. ಇಡೀ ಒಪೆರಾದ ಭಾರ ಆ ಎರಡು ಪದದ ಮೇಲೆ ಕೂತಿದೆ.

ಆ ಹೆಂಗಸಿನ ಪಾತ್ರದ ಹೆಸರು ಮಾರ್ಶಲಿನ್. ಹಾಡಿದವರು ಜರ್ಮನಿಯ ಗಾಯಕಿ ಲೋಟೆ ಲೇಮನ್. ಆ ಪಾತ್ರ ಅಂದರೆ ಅವರು, ಅವರು ಅಂದರೆ ಆ ಪಾತ್ರ ಎನ್ನುವಷ್ಟು ಹೆಸರಾಗಿತ್ತು. ಆದರೆ ರೆಕಾರ್ಡಿನಲ್ಲಿ ಆ ಎರಡು ಪದ ಹಾಡಿದ್ದು ಅವರಲ್ಲ! ತಮ್ಮ ಭಾಗ ಮುಗಿಯಿತು ಅಂತ ಅವರು ಆಗಲೇ ಹೊರಟುಬಿಟ್ಟಿದ್ದರಂತೆ. ಹುಡುಗಿ ಸೋಫಿಯ ಪಾತ್ರ ಹಾಡುತ್ತಿದ್ದ ಅವರ ಗೆಳತಿ ಎಲಿಜಬೆತ್ ಶೂಮನ್, ಲೇಮನ್ ಧ್ವನಿಯನ್ನೇ ತಂದುಕೊಂಡು ‘ಯಾ, ಯಾ’ ಅಂದರು. ಎಷ್ಟೋ ಜನ ಕೇಳುಗರಿಗೆ ವ್ಯತ್ಯಾಸ ಗೊತ್ತೇ ಆಗಲಿಲ್ಲ.

ಈ ಕಥೆ ತಿಳಿದ ದಿನದಿಂದ ಲೇಮನ್ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ, ಕೇಳಿದೆ. ಯಾಕೆ ಅಂದರೆ, ಇದೇ ಹೆಂಗಸು ವಯಸ್ಸಾದ ಮೇಲೆ ಗುರುವಾಗಿ ಕೂತಾಗ ಶಿಷ್ಯರಿಗೆ ಮತ್ತೆ ಮತ್ತೆ ಹೇಳಿದ್ದು ಒಂದೇ ಮಾತು: ನನ್ನನ್ನು ನಕಲು ಮಾಡಬೇಡಿ.

ಲೇಮನ್ ಹುಟ್ಟಿದ್ದು 1888ರ ಫೆಬ್ರವರಿ 27ರಂದು. ಊರು ಪರ್ಲೆಬರ್ಗ್. ಬರ್ಲಿನ್‌ಗೂ ಹ್ಯಾಂಬರ್ಗ್‌ಗೂ ನಡುವೆ ಇರುವ ಪುಟ್ಟ ಊರು. ಅಪ್ಪ ಆಫೀಸಿನ ಕೆಲಸದವರು. ಮಗಳು ಟೀಚರ್ ಆಗಲಿ, ಪಿಂಚಣಿ ಬರುವ ಕೆಲಸ ಹಿಡಿಯಲಿ ಎಂಬುದು ಅವರ ಆಸೆ. ಎಲ್ಲ ಅಪ್ಪಂದಿರ ಆಸೆ ಅದೇ ಅಲ್ವಾ? ಕುಟುಂಬ ಬರ್ಲಿನ್‌ಗೆ ಬಂತು. ಹುಡುಗಿ ಹಾಡು ಕಲಿಯಲು ಸೇರಿದಳು.

ಮೊದಲು ಸರಕಾರಿ ಸಂಗೀತ ಶಾಲೆ. ಆಮೇಲೆ ಎಟೆಲ್ಕಾ ಗೆರ್ಸ್ಟರ್ ಎಂಬ ಹೆಸರಾಂತ ಗಾಯಕಿ ನಡೆಸುತ್ತಿದ್ದ ಶಾಲೆ. ಅಲ್ಲಿ ಎಲ್ಲವೂ ಕೆಟ್ಟಿತು. ಅಲ್ಲಿನ ಪದ್ಧತಿ ಈ ಹುಡುಗಿಯ ಗಂಟಲಿಗೆ ಒಗ್ಗಲಿಲ್ಲ. ಹೆದರಿಕೆಯಿಂದ ಇದ್ದ ಧ್ವನಿಯೂ ಹೋಗುತ್ತಾ ಬಂತು. ಕೊನೆಗೆ ಶಾಲೆಯಿಂದ ಹೊರಗೆ ಹಾಕಿದರು. ಇವಳಿಂದ ಹಾಡುಗಾರ್ತಿ ಆಗಲು ಸಾಧ್ಯವಿಲ್ಲ, ಬೇರೇನಾದರೂ ಕೆಲಸ ನೋಡಿಕೊಳ್ಳಲಿ ಎಂದು ಹೇಳಿ ಕಳಿಸಿದರು.

ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಆಗಸ್ಟ್ 15ಕ್ಕೆ ಗುಂಪು ಹಾಡು ಕಲಿಸುತ್ತಿದ್ದರು. ಕಲಿಸುತ್ತಿದ್ದವರು ಸಾಲಿನ ಉದ್ದಕ್ಕೂ ನಡೆಯುತ್ತಾ ಬಂದು, ನನ್ನ ಹತ್ತಿರ ಬಗ್ಗಿ ಕೇಳಿ, ನೀನು ಸುಮ್ನೆ ತುಟಿ ಆಡಿಸು, ಸಾಕು ಅಂದರು. ಗದರಲಿಲ್ಲ. ಮೆಲ್ಲಗೇ ಹೇಳಿದರು. ಆ ದಿನ ನಾನು ತುಟಿ ಆಡಿಸಿದೆ. ಆಮೇಲೆ ನಾಲ್ಕು ಜನರ ಮುಂದೆ ಹಾಡಿದ್ದು ಇಲ್ಲ. ಹಾಗಾಗಿ ಬರ್ಲಿನ್‌ನ ಆ ಹುಡುಗಿ ಮನೆಗೆ ಹೋಗಿ ಏನು ಮಾಡಿದಳು ಎಂಬುದು ನನಗೆ ಬರೀ ಕುತೂಹಲದ ವಿಷಯ ಅಲ್ಲ.

ಅವಳು ಮಾಡಿದ್ದು ಇಷ್ಟು: ಇನ್ನೊಬ್ಬ ಗುರುವಿಗೆ ಪತ್ರ ಬರೆದಳು. ಮಟಿಲ್ಡ ಮಾಲಿಂಗರ್. 1868ರಲ್ಲಿ ಮ್ಯೂನಿಕ್‌ನಲ್ಲಿ ಜರ್ಮನ್ ಸಂಯೋಜಕ ವಾಗ್ನರ್ ಅವರ ಒಪೆರಾ ‘ಮೈಸ್ಟರ್‌ಸಿಂಗರ್’ ಮೊದಲ ಬಾರಿ ರಂಗಕ್ಕೆ ಬಂದಾಗ ನಾಯಕಿ ಈವಾ ಆಗಿ ಹಾಡಿದ್ದವರು. ಹುಡುಗಿ ಪತ್ರ ಬರೆದಾಗ ಅವರಿಗೆ ಅರವತ್ತರ ಹತ್ತಿರ. ಅವರು ಈ ಹುಡುಗಿಯನ್ನು ಕರೆದು, ಕೇಳಿ, ಪಾಠ ಶುರು ಮಾಡಿದರು. ಹೋದ ಧ್ವನಿ ವಾಪಸ್ ಬಂತು. ಮುಂದೆ 1914ರಲ್ಲಿ ಲೇಮನ್ ವಿಯೆನ್ನಾದಲ್ಲಿ ಮೊದಲ ಸಲ ಅತಿಥಿಯಾಗಿ ಹಾಡಿದ್ದು ಯಾವ ಪಾತ್ರ ಗೊತ್ತಾ? ಈವಾ. ಗುರುವಿನ ಪಾತ್ರವೇ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹುಡುಕುವಾಗ ಲಿಲ್ಲಿ ಲೇಮನ್ ಎಂಬ ಇನ್ನೊಬ್ಬರು ಸಿಗುತ್ತಾರೆ. ಅವರೂ ಜರ್ಮನ್ ಸೊಪ್ರಾನೊ, ಅಂದರೆ ಹೆಂಗಸರ ಧ್ವನಿಗಳಲ್ಲಿ ಎಲ್ಲಕ್ಕಿಂತ ಎತ್ತರದ ಧ್ವನಿಯವರು. ಅವರೂ ದೊಡ್ಡ ಗುರು. 1848ರಲ್ಲಿ ಹುಟ್ಟಿದವರು. ಇಬ್ಬರಿಗೂ ನಂಟಿಲ್ಲ.

1910ರಲ್ಲಿ ಲೋಟೆಗೆ ಹ್ಯಾಂಬರ್ಗ್ ಒಪೆರಾದಲ್ಲಿ ಕೆಲಸ ಸಿಕ್ಕಿತು. ಸಣ್ಣ ಪುಟ್ಟ ಪಾತ್ರಗಳು. ಹೆಸರೇ ಇಲ್ಲದ ಹುಡುಗರ ಪಾತ್ರಗಳು. ಎಲಿಜಬೆತ್ ಶೂಮನ್ ಗೆಳೆತನ ಆದದ್ದು ಅಲ್ಲೇ. 1912ರಲ್ಲಿ ‘ಲೋಹೆನ್‌ಗ್ರಿನ್’ ಒಪೆರಾದ ಎಲ್ಸಾ ಪಾತ್ರ ಕೈಗೆ ಬಂತು. ವಾದ್ಯವೃಂದ ನಡೆಸುತ್ತಿದ್ದವರು ಆಗಿನ್ನೂ ಇಪ್ಪತ್ತೇಳು ವರ್ಷದ ಆಟೊ ಕ್ಲೆಂಪರರ್. ಅಲ್ಲಿಂದ ಹ್ಯಾಂಬರ್ಗ್ ಅವರನ್ನು ಕಣ್ಣೆತ್ತಿ ನೋಡಿತು.

1916ರಲ್ಲಿ ಅವರು ವಿಯೆನ್ನಾದ ಅರಮನೆಯ ಒಪೆರಾ ಸೇರಿದರು. ಅಲ್ಲಿ ಆಗಲೇ ದೊಡ್ಡ ದೊಡ್ಡವರು ಇದ್ದರು. ಮರಿಯಾ ಯೆರಿಟ್ಸಾ ಅಂದರೆ ಊರಿಗೆ ಊರೇ ಹುಚ್ಚೇಳುತ್ತಿತ್ತು. ಅಂಥ ಜಾಗದಲ್ಲಿ ಹೊಸಬಳಾಗಿ ಬಂದ ಲೇಮನ್‌ಗೆ ಸಿಕ್ಕಿದ್ದು ಬದಲಿ ಕೆಲಸ. ಸ್ಟ್ರೌಸ್ ತಮ್ಮ ‘ಅರಿಯಾಡ್ನೆ ಔಫ್ ನಾಕ್ಸೊಸ್’ ಒಪೆರಾವನ್ನು ತಿದ್ದಿ ಹೊಸದಾಗಿ ತರುತ್ತಿದ್ದರು. ಅದರಲ್ಲಿ ಒಬ್ಬ ಎಳೆಯ ಸಂಗೀತಗಾರನ ಪಾತ್ರ ಇದೆ. ಹೆಂಗಸು ಗಂಡು ವೇಷದಲ್ಲಿ ಹಾಡುವ ಪಾತ್ರ. ಅದನ್ನು ಮರೀ ಗುಥೈಲ್ ಶೋಡರ್ ಹಾಡಬೇಕಿತ್ತು. ಅವರು ರಿಹರ್ಸಲ್‌ಗೆ ಬರಲಾಗಲಿಲ್ಲ. ಲೇಮನ್ ಆ ಜಾಗದಲ್ಲಿ ನಿಂತು ಹಾಡಿದರು. ಸ್ಟ್ರೌಸ್ ಅಲ್ಲೇ ಕೂತಿದ್ದರು. ಕೇಳಿದ ಮೇಲೆ, ಮೊದಲ ಪ್ರದರ್ಶನಕ್ಕೂ ಇವಳೇ ಇರಲಿ ಅಂದರು. 1916ರ ಅಕ್ಟೋಬರ್ 4ರ ರಾತ್ರಿ ಕಳೆಯುವಷ್ಟರಲ್ಲಿ ವಿಯೆನ್ನಾಗೆ ಹೊಸ ಹೆಸರು ಗೊತ್ತಾಯಿತು.

ಅಲ್ಲಿಂದ ಸ್ಟ್ರೌಸ್ ಅವರನ್ನು ಬಿಡಲಿಲ್ಲ. 1919ರಲ್ಲಿ ‘ಡಿ ಫ್ರೌ ಓನೆ ಶಾಟೆನ್’ ಒಪೆರಾದಲ್ಲಿ ಬಣ್ಣಗಾರನ ಹೆಂಡತಿಯ ಪಾತ್ರ. ಆ ಪಾತ್ರ ಕಲಿಸಲು ಗಾರ್ಮಿಶ್‌ನ ತಮ್ಮ ಮನೆಗೇ ಕರೆಸಿಕೊಂಡರು. ಅಲ್ಲಿ ಸ್ಟ್ರೌಸ್ ಹೆಂಡತಿ ಪೌಲೀನಾರನ್ನು ಲೇಮನ್ ಹತ್ತಿರದಿಂದ ನೋಡಿದರು. ಸಿಡುಕು, ಬಾಯಿ ಜೋರು, ಆದರೆ ಒಳಗೆ ಗಂಡನ ಮೇಲೆ ಪ್ರಾಣ. ಐದು ವರ್ಷದ ಮೇಲೆ ಸ್ಟ್ರೌಸ್ ತಮ್ಮದೇ ಸಂಸಾರದ ಜಗಳವನ್ನು ‘ಇಂಟರ್‌ಮೆಟ್ಸೊ’ ಅಂತ ಒಪೆರಾ ಮಾಡಿದರು. 1924ರಲ್ಲಿ ಡ್ರೆಸ್ಡೆನ್‌ನಲ್ಲಿ ಆ ಹೆಂಡತಿಯಾಗಿ ರಂಗದ ಮೇಲೆ ನಿಂತವರು ಲೇಮನ್. ನೋಡಿದ್ದನ್ನು ಮರೆಯದ ಕಣ್ಣು ಅವರದು.

ಸ್ಟ್ರೌಸ್ ಹೆಸರು ಬಂದ ಮೇಲೆ ನಮ್ಮ ಕಡೆಯ ಒಂದು ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಅವರು ಕೊನೆಗಾಲದಲ್ಲಿ ಸೊಪ್ರಾನೊ ಧ್ವನಿಗೆ ಬರೆದ ನಾಲ್ಕು ಹಾಡುಗಳಿವೆ. ಅವು ಮೊದಲ ಸಲ ಕೇಳಿಸಿದ್ದು ಅವರು ತೀರಿಕೊಂಡ ಮೇಲೆ, 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಆ ಕಛೇರಿಗೆ ಹಣದ ಹೊಣೆ ಹೊತ್ತವರು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್. ಹಾಡಿದವರು ನಾರ್ವೆಯ ಕಿರ್ಸ್ಟನ್ ಫ್ಲಾಗ್‌ಸ್ಟಾಡ್. ಲೇಮನ್‌ಗೆ ಆಗ 62. ಆ ಹಾಡುಗಳು ಅವರ ಪಾಲಿಗೆ ಸ್ವಲ್ಪ ತಡವಾಗಿ ಬಂದವು ಎಂಬುದು ನನಗೆ ಈಗಲೂ ನೋವು.

ಇನ್ನು ಧ್ವನಿಯ ಮಾತು. ಲೇಮನ್ ಹಾಡನ್ನು ಮೊದಲು ಕೇಳಿದಾಗ ನನಗೆ ಸ್ವಲ್ಪ ಗಾಬರಿಯೇ ಆಯಿತು. ಒಂದು ಉದ್ದನೆಯ ಸಾಲಿನ ನಡುವೆ ಉಸಿರು ಎಳೆದುಕೊಳ್ಳುವುದು ಸ್ಪಷ್ಟವಾಗಿ ಕೇಳುತ್ತದೆ. ಬೇರೆ ಗಾಯಕಿಯರು ಒಂದೇ ಉಸಿರಿನಲ್ಲಿ ಮುಗಿಸುವ ಸಾಲನ್ನು ಇವರು ಎರಡು ಮಾಡುತ್ತಾರೆ. ಆ ಕಾಲದ ವಿಮರ್ಶಕರೂ ಇದನ್ನೇ ಹೇಳುತ್ತಿದ್ದರು. ಉಸಿರು ಸಾಲದು, ತಂತ್ರ ಪಕ್ಕಾ ಇಲ್ಲ ಅಂತ. ವಯಸ್ಸಾಗುತ್ತಾ ಮೇಲಿನ ಸ್ವರಗಳೂ ಕಷ್ಟವಾದವು.

ಆದರೂ ಜನ ಅವರ ಹಾಡಿಗೆ ಸೋತರು. ಯಾಕೆ? 1935ರಲ್ಲಿ ವಿಯೆನ್ನಾದಲ್ಲಿ ಬ್ರೂನೊ ವಾಲ್ಟರ್ ವಾದ್ಯವೃಂದ ನಡೆಸಿದ, ವಾಗ್ನರ್ ಒಪೆರಾ ‘ಡಿ ವಾಲ್ಕೂರೆ’ಯ ಮೊದಲ ಅಂಕದ ರೆಕಾರ್ಡಿಂಗ್ ಕೇಳಿ. ಸೀಗ್ಲಿಂಡೆ ಎಂಬ ಹೆಣ್ಣಿನ ಪಾತ್ರ. ಇಷ್ಟವಿಲ್ಲದ ಮದುವೆಯಲ್ಲಿ ಸಿಕ್ಕಿಬಿದ್ದವಳು. ಬಿರುಗಾಳಿಯ ರಾತ್ರಿ ಮನೆಗೆ ಬಂದ ಅಪರಿಚಿತನಿಗೆ ತನ್ನ ಮದುವೆಯ ದಿನದ ಕಥೆ ಹೇಳುತ್ತಾಳೆ. ಕಳ್ಳರು ಅವಳನ್ನು ತಂದು ಆ ಗಂಡನಿಗೆ ಕೊಟ್ಟದ್ದು, ಮದುವೆ ಮನೆಯಲ್ಲಿ ಒಬ್ಬ ಮುದುಕ ಬಂದು ಮರದ ಬೊಡ್ಡೆಗೆ ಕತ್ತಿ ಚುಚ್ಚಿದ್ದು. ನನಗೆ ಜರ್ಮನ್ ಬರುವುದಿಲ್ಲ. ಅರ್ಥವನ್ನು ಪಕ್ಕದಲ್ಲಿಟ್ಟುಕೊಂಡು ಕೇಳಿದೆ. ಎರಡನೇ ಸಲ ಕೇಳುವಾಗ ಆ ಕಾಗದ ನೋಡುವುದನ್ನು ಬಿಟ್ಟಿದ್ದೆ. ಅವಳು ನಾಚುವುದು, ಹೆದರುವುದು, ಆ ಮುದುಕನ ಕಣ್ಣು ನೆನಪಾದಾಗ ಧ್ವನಿ ತಗ್ಗುವುದು, ಎಲ್ಲ ಪದದಲ್ಲೇ ಇದೆ.

ನನಗೆ ಅನ್ನಿಸುವುದು ಹೀಗೆ. ಉಸಿರು ದೊಡ್ಡದಿದ್ದವರು ಸ್ವರದ ಮೇಲೆ ತೇಲಿಕೊಂಡು ಹೋಗಬಹುದು. ಉಸಿರು ಚಿಕ್ಕದಿದ್ದವರಿಗೆ ನಿಲ್ಲಲು ಜಾಗ ಬೇಕು. ಲೇಮನ್‌ಗೆ ಆ ಜಾಗ ಪದವೇ ಆಯಿತು. ಪ್ರತಿ ಪದಕ್ಕೂ ಕಾರಣ ಹುಡುಕಿಕೊಂಡು ಹಾಡಿದರು. ಅವರು ಉಸಿರು ಎಳೆದುಕೊಂಡಾಗ ನನಗೆ ಈಗ ಹಾಡುಗಾರ್ತಿಯ ಉಸಿರು ಕೇಳುವುದಿಲ್ಲ. ಸೀಗ್ಲಿಂಡೆಯ ಉಸಿರು ಕೇಳುತ್ತದೆ. ಸಂಗೀತ ಬಲ್ಲವರು ಇದನ್ನು ಒಪ್ಪದೆ ಇರಬಹುದು. ನಾನು ಕೇಳಿದ್ದು ಹೇಳುತ್ತಿದ್ದೇನೆ.

ಮಾರ್ಶಲಿನ್ ಪಾತ್ರ ಅವರಿಗೆ ಬಂದದ್ದು 1924ರಲ್ಲಿ, ಲಂಡನ್ನಿನ ಕೋವೆಂಟ್ ಗಾರ್ಡನ್‌ನಲ್ಲಿ. ಆಗಲೂ ಬ್ರೂನೊ ವಾಲ್ಟರ್ ಇದ್ದರು. ಅದಕ್ಕೂ ಮುಂಚೆ ಅದೇ ಒಪೆರಾದಲ್ಲಿ ಅವರು ಹುಡುಗಿ ಸೋಫಿಯಾಗಿ ಹಾಡಿದ್ದರು, ಹುಡುಗ ಒಕ್ಟೇವಿಯನ್ ಆಗಿಯೂ ಹಾಡಿದ್ದರು. ಮೂರೂ ಮನಸ್ಸುಗಳನ್ನು ಒಳಗಿನಿಂದ ನೋಡಿದವರು.

ಮಾರ್ಶಲಿನ್‌ಗೆ ವಯಸ್ಸೇನೂ ಆಗಿಲ್ಲ. ಮೂವತ್ತರ ಆಚೀಚೆ ಅಷ್ಟೇ. ಆದರೆ ಮೊದಲ ಅಂಕದಲ್ಲಿ ಕನ್ನಡಿ ನೋಡಿ, ಇವತ್ತು ನನ್ನನ್ನು ಮುದುಕಿ ಮಾಡಿಬಿಟ್ಟಿರಿ ಎಂದು ತಲೆ ಬಾಚುವವನಿಗೆ ಹೇಳುತ್ತಾಳೆ. ರಾತ್ರಿ ಎದ್ದು ಮನೆಯ ಗಡಿಯಾರಗಳನ್ನೆಲ್ಲ ನಿಲ್ಲಿಸುತ್ತೇನೆ ಎನ್ನುತ್ತಾಳೆ. ಇವತ್ತೋ ನಾಳೆಯೋ ನೀನು ನನ್ನನ್ನು ಬಿಟ್ಟು ಹೋಗುತ್ತೀಯ ಎಂದು ಹದಿನೇಳರ ಹುಡುಗನಿಗೆ ಹೇಳುತ್ತಾಳೆ. ಅವನು ಅಳುತ್ತಾನೆ. ಸಮಾಧಾನ ಮಾಡುವವಳೂ ಅವಳೇ. ಲೇಮನ್ ಇದನ್ನು ಹಾಡುವಾಗ ಗೋಳು ಇಲ್ಲ. ಮನೆಯ ಹಿರಿಯ ಹೆಂಗಸು ದೀಪ ಆರಿಸಿ ಬಾಗಿಲು ಹಾಕಿಕೊಳ್ಳುವ ಹಾಗೆ ಹಾಡುತ್ತಾರೆ.

ಇಷ್ಟೆಲ್ಲ ಆಗುವಾಗ ಹೊರಗೆ ಕಾಲ ಕೆಡುತ್ತಿತ್ತು. ಲೇಮನ್ 1926ರಲ್ಲಿ ಆಟೊ ಕ್ರೌಸೆ ಎಂಬುವರನ್ನು ಮದುವೆಯಾಗಿದ್ದರು. ಅವರಿಗೆ ಮೊದಲ ಹೆಂಡತಿಯಿಂದ ನಾಲ್ಕು ಮಕ್ಕಳು. ಆ ಮೊದಲ ಹೆಂಡತಿ ಯೆಹೂದಿ. ನಾಜಿಗಳ ಲೆಕ್ಕದಲ್ಲಿ ಆ ಮಕ್ಕಳ ಬದುಕಿಗೆ ಬೆಲೆ ಇರಲಿಲ್ಲ.

1934ರಲ್ಲಿ ನಾಜಿ ಮುಖಂಡ ಗೋರಿಂಗ್ ಲೇಮನ್ ಅವರನ್ನು ಬರ್ಲಿನ್‌ಗೆ ಕರೆಸಿಕೊಂಡ. ಬರ್ಲಿನ್ ಒಪೆರಾದಲ್ಲಿ ಹಾಡು, ಜರ್ಮನಿ ಬಿಟ್ಟು ಹೊರಗೆ ಹಾಡಬೇಡ, ಕೇಳಿದ್ದು ಕೊಡುತ್ತೇನೆ ಅಂದ. ತಾನು ಅದನ್ನು ತಿರಸ್ಕರಿಸಿ ಬಂದೆ ಎಂದು ಲೇಮನ್ ಮುಂದೆ ಬಹಳ ಸಲ ಹೇಳಿದರು, ಬರೆದರು. ಚೆಂದದ ಕಥೆ. ಆದರೆ ಇತಿಹಾಸಕಾರ ಮೈಕೆಲ್ ಕಾಟರ್ ಹಳೆಯ ಪತ್ರಗಳನ್ನು ತೆಗೆದು ನೋಡಿದಾಗ ಬೇರೆಯೇ ಚಿತ್ರ ಸಿಕ್ಕಿತು. ಮಾತುಕತೆ ನಡೆದಿತ್ತು. ಲೇಮನ್‌ಗೂ ಆಸೆ ಇತ್ತು. ಹಣ, ಷರತ್ತುಗಳ ವಿಷಯದಲ್ಲಿ ಅದು ಮುರಿದುಬಿತ್ತು. ಅಂದರೆ ಅವರು ಹೇಳಿಕೊಂಡಷ್ಟು ಸರಳ ಧೈರ್ಯದ ಕಥೆ ಅದಲ್ಲ.

ಇದನ್ನು ಓದಿದಾಗ ನನಗೆ ಬೇಜಾರಾಯಿತು. ಮೆಚ್ಚಿದವರ ಬಗ್ಗೆ ಇಂಥದ್ದು ಗೊತ್ತಾದಾಗ ಆಗುವ ಬೇಜಾರು. ಮುಚ್ಚಿಡಲು ನನಗೆ ಇಷ್ಟ ಇಲ್ಲ. ಅವರು ಯೆಹೂದಿ ಗೆಳೆಯರನ್ನು ಬಿಡಲಿಲ್ಲ, ಬ್ರೂನೊ ವಾಲ್ಟರ್ ಜೊತೆ ಕೊನೆಯವರೆಗೂ ಒಡನಾಟ ಇಟ್ಟುಕೊಂಡರು, ಮಲಮಕ್ಕಳನ್ನು ಅಮೆರಿಕಕ್ಕೆ ಕರೆಸಿಕೊಂಡರು. ಇದೂ ನಿಜ, ಅದೂ ನಿಜ.

1938ರ ಮಾರ್ಚ್‌ನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ. ಮೇ ತಿಂಗಳಲ್ಲಿ ಲೇಮನ್ ಕೋವೆಂಟ್ ಗಾರ್ಡನ್‌ನಲ್ಲಿ ಮಾರ್ಶಲಿನ್ ಹಾಡಲು ನಿಂತರು. ಮೈ ಹುಷಾರಿರಲಿಲ್ಲ, ಮನಸ್ಸು ಮನೆಯವರ ಚಿಂತೆಯಲ್ಲಿತ್ತು. ಮೊದಲ ಅಂಕದ ನಡುವೆ ಹಾಡು ನಿಂತುಹೋಯಿತು. ಇನ್ನು ಆಗುವುದಿಲ್ಲ ಎಂದು ರಂಗದಿಂದ ಒಳಗೆ ನಡೆದರು. ಅದೃಷ್ಟಕ್ಕೆ ಪ್ರೇಕ್ಷಕರ ನಡುವೆ ಹಿಲ್ಡೆ ಕೊನೆಟ್ಸ್ನಿ ಎಂಬ ಗಾಯಕಿ ಕೂತಿದ್ದರು. ಅವರು ವೇಷ ಹಾಕಿಕೊಂಡು ಬಂದು ಉಳಿದದ್ದನ್ನು ಹಾಡಿ ಮುಗಿಸಿದರು.

ಮುಂದಿನ ಜನವರಿಯಲ್ಲಿ ಗಂಡ ಕ್ಷಯದಿಂದ ತೀರಿಕೊಂಡರು, ನ್ಯೂಯಾರ್ಕ್ ರಾಜ್ಯದ ಸಾರನಾಕ್ ಲೇಕ್‌ನಲ್ಲಿ. ಐವತ್ತೊಂದಕ್ಕೆ ಕಾಲಿಡುತ್ತಿದ್ದ ಹೆಂಗಸು, ಬೇರೆ ದೇಶದಲ್ಲಿ, ಊರಿಗೆ ಹಿಂತಿರುಗುವ ದಾರಿ ಇಲ್ಲದೆ.

ಅಮೆರಿಕ ಅವರಿಗೆ ಹೊಸದೇನಲ್ಲ. 1930ರಲ್ಲಿ ಶಿಕಾಗೊದಲ್ಲಿ, 1934ರಲ್ಲಿ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಒಪೆರಾದಲ್ಲಿ, ಎರಡೂ ಕಡೆ ಸೀಗ್ಲಿಂಡೆಯಾಗಿಯೇ ಹೆಜ್ಜೆ ಇಟ್ಟಿದ್ದರು. ಆದರೆ ಈಗ ಅದೇ ಮನೆಯಾಗಬೇಕಿತ್ತು. ಫ್ರಾನ್ಸಿಸ್ ಹೋಲ್ಡನ್ ಎಂಬ ಮನಶ್ಶಾಸ್ತ್ರದ ಅಧ್ಯಾಪಕಿ ಗೆಳತಿಯಾಗಿ ಜೊತೆಗೆ ಬಂದರು. ಇಬ್ಬರೂ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಮನೆ ಮಾಡಿದರು. ಮನೆಗೆ ‘ಓರ್‌ಪ್ಲಿಡ್’ ಅಂತ ಹೆಸರಿಟ್ಟರು. ಕವಿ ಮೋರಿಕೆ ಕಲ್ಪಿಸಿಕೊಂಡ ಒಂದು ದ್ವೀಪದ ಹೆಸರು ಅದು. ದೂರದಲ್ಲಿ ಹೊಳೆಯುವ ನನ್ನ ನಾಡು ಎಂದು ಆ ಕವಿತೆ ಶುರುವಾಗುತ್ತದೆ. ಹ್ಯೂಗೊ ವೋಲ್ಫ್ ಅದಕ್ಕೆ ಸ್ವರ ಹಾಕಿದ್ದಾರೆ.

ಅಮೆರಿಕದಲ್ಲಿ ಅವರು ಒಪೆರಾಗಿಂತ ಜಾಸ್ತಿ ಹಾಡಿದ್ದು ಇಂಥ ಹಾಡುಗಳನ್ನೇ. ಜರ್ಮನ್ನರು ಇದನ್ನು ‘ಲೀಡ್’ ಎನ್ನುತ್ತಾರೆ. ಒಬ್ಬ ಕವಿಯ ಕವಿತೆ, ಒಬ್ಬರ ಸ್ವರ ಸಂಯೋಜನೆ, ಒಂದು ಧ್ವನಿ, ಒಂದು ಪಿಯಾನೊ. ಭಾವಗೀತೆ ಕೇಳಿ ಬೆಳೆದ ನಮಗೆ ಇದರ ರುಚಿ ಹಿಡಿಯಲು ಕಷ್ಟವಿಲ್ಲ. ಶೂಬರ್ಟ್ ಅವರ ‘ವಿಂಟರ್‌ರೈಸೆ’ಯ 24 ಹಾಡುಗಳನ್ನೂ ಲೇಮನ್ ರೆಕಾರ್ಡ್ ಮಾಡಿದರು. ಪ್ರೀತಿ ಕಳೆದುಕೊಂಡ ಗಂಡಸು ಚಳಿಗಾಲದಲ್ಲಿ ಒಬ್ಬನೇ ನಡೆಯುವ ಹಾಡುಗಳು ಅವು. ಹೆಂಗಸು ಯಾಕೆ ಅದನ್ನು ಹಾಡಬೇಕು ಎಂದು ಕೇಳಿದವರು ಇದ್ದರು. ಕೇಳುವವರ ಕಣ್ಣ ಮುಂದೆ ಆ ಮನುಷ್ಯನನ್ನು ತಂದು ನಿಲ್ಲಿಸಲು ಬಂದರೆ ಹಾಡಬಹುದು ಎಂಬುದು ಅವರ ನಿಲುವು. ನನಗಂತೂ ಅವರು ಹಾಡಿದಾಗ ಆ ಹಿಮದ ದಾರಿ ಇನ್ನೂ ಉದ್ದವಾಗಿ ಕಾಣುತ್ತದೆ.

1951ರ ಫೆಬ್ರವರಿ 16. ನ್ಯೂಯಾರ್ಕ್‌ನ ಟೌನ್ ಹಾಲ್. ಅವರಿಗೆ 63 ತುಂಬಲು ಹನ್ನೊಂದು ದಿನ. ಎಂದಿನ ಹಾಗೆ ಕಛೇರಿ ಅಂತ ಜನ ಬಂದಿದ್ದರು. ನಡುವೆ ಅವರು ಮುಂದೆ ಬಂದು, ಇದು ನನ್ನ ವಿದಾಯದ ಕಛೇರಿ ಅಂದರು. ಜನ ‘ಇಲ್ಲ, ಇಲ್ಲ’ ಎಂದು ಕೂಗಿದರು. ನೀವು ಹಾಗೆ ಅನ್ನಲಿ ಅಂತಲೇ ಆಸೆ ಪಟ್ಟಿದ್ದೆ ಎಂದು ಅವರು ಹೇಳಿದರು. ಮಾರ್ಶಲಿನ್ ಕನ್ನಡಿ ನೋಡಿಕೊಂಡು, ಹೊತ್ತಾಯಿತು ಎನ್ನುತ್ತಾಳಲ್ಲ, ಹಾಗೆ ಎಂದು ಆ ಪಾತ್ರವನ್ನೂ ನೆನೆದರು. ಇದೆಲ್ಲ ರೆಕಾರ್ಡಿನಲ್ಲಿದೆ. ಮಾತು ನಡುಗುವುದಿಲ್ಲ.

ಕೊನೆಗೆ ಶೂಬರ್ಟ್ ಅವರ ‘ಆನ್ ಡಿ ಮುಸಿಕ್’ ಹಾಡಿದರು. ಸಂಗೀತಕ್ಕೆ ಹೇಳುವ ಕೃತಜ್ಞತೆ ಅದು. ಎಷ್ಟು ಕಷ್ಟದ ಹೊತ್ತುಗಳಲ್ಲಿ ನೀನು ನನ್ನನ್ನು ಬೇರೆ ಲೋಕಕ್ಕೆ ಕರೆದುಕೊಂಡು ಹೋದೆ, ಅದಕ್ಕೆ ನಿನಗೆ ವಂದನೆ ಎನ್ನುವ ಹಾಡು. ಎರಡು ಚರಣ, ಮೂರು ನಿಮಿಷವೂ ಇಲ್ಲ. ಕೊನೆಯ ಸಾಲಿಗೆ ಬಂದಾಗ, ವಂದನೆ ಎನ್ನುವ ಜಾಗದಲ್ಲಿ, ಅವರಿಗೆ ಆಗಲಿಲ್ಲ. ಧ್ವನಿ ಒಡೆಯಿತು. ಪಿಯಾನೊ ನುಡಿಸುತ್ತಿದ್ದ ಪೌಲ್ ಉಲನೋವ್‌ಸ್ಕಿ ಒಬ್ಬರೇ ಆ ಹಾಡನ್ನು ಕೊನೆ ಮುಟ್ಟಿಸಿದರು. ವರ್ಷಗಟ್ಟಲೆ ಜೊತೆಗಿದ್ದ ಕೈ ಅದು. ನಿಲ್ಲಿಸಲಿಲ್ಲ, ಅವಸರ ಮಾಡಲಿಲ್ಲ.

ಅಪ್ಪ ಬಯಸಿದ್ದ ಟೀಚರ್ ಕೆಲಸ ಅವರಿಗೆ ಆಮೇಲೆ ಸಿಕ್ಕಿತು. ಸಾಂಟಾ ಬಾರ್ಬರಾ ಹತ್ತಿರ 1947ರಲ್ಲಿ ಶುರುವಾದ ‘ಮ್ಯೂಸಿಕ್ ಅಕಾಡೆಮಿ ಆಫ್ ದ ವೆಸ್ಟ್’ ಕಟ್ಟುವುದರಲ್ಲಿ ಅವರ ಕೈಯೂ ಇತ್ತು. ಹಾಡುವುದು ಬಿಟ್ಟ ಮೇಲೆ ಹತ್ತು ವರ್ಷ ಅಲ್ಲಿ ಪಾಠ ಮಾಡಿದರು. ಲಂಡನ್ನಿನ ವಿಗ್‌ಮೋರ್ ಹಾಲ್‌ನಲ್ಲೂ ಮಾಡಿದರು. ಜನರ ಮುಂದೆ ಪಾಠ. ಶಿಷ್ಯೆ ವೇದಿಕೆ ಮೇಲೆ ಹಾಡುತ್ತಾಳೆ, ಗುರು ಪಕ್ಕದಲ್ಲಿ ನಿಂತು ತಿದ್ದುತ್ತಾರೆ, ಕೆಳಗೆ ಟಿಕೆಟ್ ಕೊಂಡು ಬಂದ ಜನ ನೋಡುತ್ತಾರೆ. ಮಾಸ್ಟರ್ ಕ್ಲಾಸ್ ಎಂದರೆ ಇವತ್ತು ಎಲ್ಲರಿಗೂ ಗೊತ್ತು. ಆ ಪದ್ಧತಿ ಅಷ್ಟು ಹರಡುವುದಕ್ಕೆ ಅವರ ಆ ತರಗತಿಗಳು ದೊಡ್ಡ ಕಾರಣ.

ಅವರು ತಂತ್ರ ಕಲಿಸಲಿಲ್ಲ. ಉಸಿರು ಹೇಗೆ ಹಿಡಿಯಬೇಕು, ಸ್ವರ ಎಲ್ಲಿ ಕೂರಿಸಬೇಕು ಎಂಬುದೆಲ್ಲ ಬೇರೆ ಗುರುಗಳ ಕೆಲಸ, ನನ್ನದಲ್ಲ ಎನ್ನುತ್ತಿದ್ದರು. ಅವರು ಕೇಳುತ್ತಿದ್ದದ್ದು ಬೇರೆ: ಈ ಮಾತು ಆಡುತ್ತಿರುವವರು ಯಾರು? ಯಾರಿಗೆ ಹೇಳುತ್ತಿದ್ದಾರೆ? ಈಗ ಏನು ನೋಡುತ್ತಿದ್ದಾರೆ? ಹಾಡು ನೀನು ಬಾಯಿ ತೆರೆದಾಗ ಶುರುವಾಗುವುದಿಲ್ಲ, ಪಿಯಾನೊದ ಮೊದಲ ಸ್ವರಕ್ಕೇ ಶುರುವಾಗುತ್ತದೆ ಎಂಬುದು ಅವರ ಪಾಠದ ಮುಖ್ಯ ಭಾಗ. ಹಾಗೆಯೇ ನಿನ್ನ ಸಾಲು ಮುಗಿದರೂ ಪಿಯಾನೊ ಮುಗಿಯುವ ತನಕ ನೀನು ಅಲ್ಲೇ ಇರಬೇಕು. ಮುಖದಲ್ಲಿ, ಕಣ್ಣಲ್ಲಿ ಹಾಡು ನಡೆಯುತ್ತಿರಬೇಕು.

ಶೂಬರ್ಟ್ ಅವರ ರಾಟೆಯ ಹಾಡು ನೆನಪಿಸಿಕೊಳ್ಳಿ. ಹುಡುಗಿ ನೂಲುತ್ತಾ ಪ್ರಿಯಕರನನ್ನು ನೆನೆಯುತ್ತಾಳೆ. ಪಿಯಾನೊದಲ್ಲಿ ರಾಟೆ ತಿರುಗುತ್ತಿರುತ್ತದೆ. ಅವನ ಮುತ್ತು ನೆನಪಾದಾಗ ರಾಟೆ ನಿಲ್ಲುತ್ತದೆ. ಆಮೇಲೆ ತಡವರಿಸುತ್ತಾ, ಒಂದು ಸುತ್ತು, ಮತ್ತೊಂದು ಸುತ್ತು, ಮತ್ತೆ ಶುರುವಾಗುತ್ತದೆ. ಆ ತಡವರಿಕೆಯ ಹೊತ್ತಿನಲ್ಲಿ ಹಾಡುಗಾರ್ತಿಗೆ ಒಂದು ಪದವೂ ಇಲ್ಲ. ಅವಳು ಬಿಡುವು ಸಿಕ್ಕಿತು ಅಂತ ನಿಂತರೆ ಹಾಡು ಅಲ್ಲೇ ಸತ್ತುಹೋಗುತ್ತದೆ.

ಅವರ ಶಿಷ್ಯೆಯರಲ್ಲಿ ನನಗೆ ಹೆಚ್ಚು ಹತ್ತಿರವಾದವರು ಗ್ರೇಸ್ ಬಂಬ್ರಿ. ಅಮೆರಿಕದ ಸೇಂಟ್ ಲೂಯಿಸ್‌ನ ಕಪ್ಪು ಹುಡುಗಿ, 1937ರಲ್ಲಿ ಹುಟ್ಟಿದವರು. 17ರ ವಯಸ್ಸಿಗೆ ರೇಡಿಯೊ ಸ್ಪರ್ಧೆಯಲ್ಲಿ ಗೆದ್ದರು. ಬಹುಮಾನದಲ್ಲಿ ಊರಿನ ಸಂಗೀತ ಶಾಲೆಯಲ್ಲಿ ಕಲಿಯುವ ಅವಕಾಶವೂ ಸೇರಿತ್ತು. ಕಪ್ಪು ಮಕ್ಕಳನ್ನು ಸೇರಿಸಿಕೊಳ್ಳುವುದಿಲ್ಲ ಎಂದು ಆ ಶಾಲೆ ಹೇಳಿತು. ಬೇಕಾದರೆ ಬೇರೆ ಕೂರಿಸಿ ಪಾಠ ಹೇಳುತ್ತೇವೆ ಅಂದರು. ಅಪ್ಪ ಅಮ್ಮ ಒಪ್ಪಲಿಲ್ಲ. ಆಮೇಲೆ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯಕ್ಕೆ ಪಾಠ ಮಾಡಲು ಬಂದಿದ್ದ ಲೇಮನ್ ಈ ಹುಡುಗಿಯನ್ನು ಕೇಳಿದರು. ಸಾಂಟಾ ಬಾರ್ಬರಾಗೆ ಬಾ ಎಂದು ಕರೆದರು. ಒಂದು ಬೇಸಿಗೆಯ ಪಾಠ ಅಂತ ಹೋದವರು ಮೂರು ವರ್ಷಕ್ಕೂ ಜಾಸ್ತಿ ಅಲ್ಲೇ ಕಲಿತರು.

ಬಂಬ್ರಿ ಧ್ವನಿ ಮೆಜ್ಜೊ, ಅಂದರೆ ಸೊಪ್ರಾನೊಗಿಂತ ಸ್ವಲ್ಪ ತಗ್ಗಿನದು, ಎಂದರು ಲೇಮನ್. ಅಲ್ಲೇ ಇದ್ದ ಇನ್ನೊಬ್ಬ ಗುರು ಅರ್ಮಾಂಡ್ ಟೊಕಾಟ್ಯಾನ್ ಸೊಪ್ರಾನೊ ಎಂದರು. ಇಬ್ಬರೂ ಬಿಟ್ಟುಕೊಡಲಿಲ್ಲ. ಮುಂದೆ ಬಂಬ್ರಿ ಎರಡೂ ಆಗಿ ಹಾಡಿದರು.

1961ರಲ್ಲಿ ಜರ್ಮನಿಯ ಬೈರೊಯ್ಟ್ ಉತ್ಸವದಲ್ಲಿ, ವಾಗ್ನರ್ ಕಟ್ಟಿಸಿದ ರಂಗಮಂದಿರದಲ್ಲಿ, ಬಂಬ್ರಿ ವೀನಸ್ ದೇವತೆಯಾಗಿ ಹಾಡಿದರು. ಅಲ್ಲಿ ಹಾಡಿದ ಮೊದಲ ಕಪ್ಪು ಗಾಯಕಿ. ಮುಂಚೆಯೇ ವಿರೋಧದ ಪತ್ರಗಳು ಬಂದಿದ್ದವು. ನಮ್ಮಜ್ಜ ಬರೆದದ್ದು ಧ್ವನಿಯ ಬಣ್ಣಕ್ಕೆ, ಚರ್ಮದ ಬಣ್ಣಕ್ಕಲ್ಲ ಎಂದು ವಾಗ್ನರ್ ಮೊಮ್ಮಗ ವೀಲಾಂಡ್ ಉತ್ತರ ಕೊಟ್ಟರು. ಹಾಡು ಮುಗಿದ ಮೇಲೆ ಅರ್ಧ ಗಂಟೆ ಚಪ್ಪಾಳೆ. ಬರ್ಲಿನ್‌ನ ಶಾಲೆಯಿಂದ ಹೊರಬಿದ್ದ ಹುಡುಗಿ, ಸೇಂಟ್ ಲೂಯಿಸ್‌ನ ಶಾಲೆ ಒಳಗೇ ಬಿಟ್ಟುಕೊಳ್ಳದ ಹುಡುಗಿಯನ್ನು ತಯಾರು ಮಾಡಿ ಕಳಿಸಿದ್ದರು. ಎರಡು ಅನ್ಯಾಯ ಒಂದೇ ತೂಕದವಲ್ಲ, ಗೊತ್ತು. ಆದರೂ ಆ ಚಪ್ಪಾಳೆಯ ಬಗ್ಗೆ ಓದುವಾಗ ನನ್ನ ಕಣ್ಣು ತುಂಬಿತು.

ಮರುವರ್ಷ ಮೆಟ್ರೊಪಾಲಿಟನ್ ಒಪೆರಾ ‘ರೋಸೆನ್‌ಕವಲಿಯರ್’ ಆಡಿಸಲು ಲೇಮನ್ ಅವರನ್ನೇ ಕರೆಯಿತು. ಮಾರ್ಶಲಿನ್ ಪಾತ್ರಕ್ಕೆ ಫ್ರಾನ್ಸಿನ ರೆಜಿನ್ ಕ್ರೆಸ್ಪಿನ್. ಲೇಮನ್‌ಗೆ ಆಗ 74. ತಾನು ಬದುಕಿದ ಪಾತ್ರವನ್ನು ಇನ್ನೊಬ್ಬಳ ಕೈಗೆ ಕೊಡುವುದು. ಒಪೆರಾದಲ್ಲಿ ಮಾರ್ಶಲಿನ್ ಮಾಡುವುದೂ ಅದನ್ನೇ.

ಲೇಮನ್ ತೀರಿಕೊಂಡದ್ದು 1976ರ ಆಗಸ್ಟ್ 26ರಂದು, ಸಾಂಟಾ ಬಾರ್ಬರಾದಲ್ಲಿ. 88 ವರ್ಷ. ಮಣ್ಣು ಮಾಡಿದ್ದು ವಿಯೆನ್ನಾದಲ್ಲಿ. ಸಮಾಧಿಯ ಕಲ್ಲಿನ ಮೇಲೆ ಸ್ಟ್ರೌಸ್ ಹೇಳಿದ ಮಾತು ಕೆತ್ತಿದ್ದಾರೆ. ಅವಳು ಹಾಡಿದಳು, ನಕ್ಷತ್ರಗಳು ಕರಗಿದವು ಎಂಬ ಅರ್ಥದ ಮಾತು.

ನನಗೆ ಮಾತ್ರ ಅವರು ನೆನಪಾಗುವುದು 1961ರಲ್ಲಿ ಟಿವಿಗಾಗಿ ಚಿತ್ರಿಸಿದ ಪಾಠದಲ್ಲಿ. ಎಪ್ಪತ್ತು ದಾಟಿದ ಅಜ್ಜಿ. ಧ್ವನಿ ಹೋಗಿದೆ. ತೋರಿಸಿಕೊಡಬೇಕಾದಾಗ ಒಂದು ಸ್ಥಾಯಿ ಕೆಳಗೆ, ಒಡಕು ದನಿಯಲ್ಲಿ, ಅರ್ಧ ಹಾಡು ಅರ್ಧ ಮಾತು. ಎದುರಿಗೆ ಎಳೆಯ ಹುಡುಗಿ, ತುಂಬು ಗಂಟಲು. ಅಜ್ಜಿ ಮುಗಿಸಿದ ಮೇಲೆ ಹುಡುಗಿ ಮತ್ತೆ ಮೊದಲಿನಿಂದ ಶುರು ಮಾಡುತ್ತಾಳೆ. ಪಿಯಾನೊ ಮೊದಲ ಸ್ವರ ನುಡಿಸುತ್ತದೆ. ಹುಡುಗಿ ಇನ್ನೂ ಬಾಯಿ ತೆರೆದಿಲ್ಲ. ಅಜ್ಜಿ ಅವಳ ಮುಖವನ್ನೇ ನೋಡುತ್ತಿದ್ದಾರೆ.